ಗುಂಡಿಯಿಲ್ಲದ ಕಾಜ

ಮಗನ ಆರತಕ್ಷತೆಗೆಂದು ಹೊಲಿಸಿದ ಕೋಟಿನ ಎದೆಯ ಮಡಿಕೆಗೆ ಗುಲಾಬಿ ಸಿಕ್ಕಿಸಲು ಹೋದ ತಂಗಿ, ಹತ್ತು ನಿಮಿಷ ಹೆಣಗಿ, "ಅಣ್ಣಾ, ಇದು ಕಾಜವಲ್ಲ, ದಾರದಲ್ಲಿ ಬರೆದ ಕಾಜದ ಚಿತ್ರ" ಎಂದು ಸಾರಿದಳು. ಕೊನೆಗೆ ಚುಚ್ಚಿದ ಪಿನ್ನು ಕೋಟನ್ನೂ ಅಂಗಿಯನ್ನೂ ದಾಟಿ ನನ್ನವರೆಗೂ ಬಂದಿತು. ಮರುದಿನ ವಿಚಾರಿಸಿದಾಗ ದರ್ಜಿ ಅಳತೆಯ ಟೇಪನ್ನು ಕೊರಳಿನಿಂದ ತೆಗೆಯದೆಯೇ, "ಅಲ್ಲಿ ಗುಂಡಿಯೇ ಇಲ್ಲವಲ್ಲ ಸಾರ್, ಕಾಜ ಯಾಕೆ ಕೊಯ್ಯಬೇಕು?" ಎಂದರು. ಮಾತು ಸರಿಯಾಗಿತ್ತು, ಸಿಟ್ಟು ಬಂದದ್ದು ಅದಕ್ಕೇ.

ಈ ಮಡಿಕೆಯ ಹೆಸರು ಲ್ಯಾಪೆಲ್. ನಮ್ಮಲ್ಲಿ ಅದನ್ನು ಕೇಳುವವರಿಲ್ಲ. ಭಾಷಣಕಾರರ ಲ್ಯಾಪೆಲ್ಲಿಗೆ ಸಿಕ್ಕಿಸುವ ಮೈಕು ಕೂಡ 'ಕಾಲರ್ ಮೈಕ್' ಆಗಿದೆ. ಆದರೆ ಅದರ ಒಳಮೈಗೆ ಕೊಡುವ ಬಟ್ಟೆಯನ್ನು ದರ್ಜಿಗಳು ಇಂದಿಗೂ ಫೇಸಿಂಗ್ ಎನ್ನುತ್ತಾರೆ, ಮತ್ತು ಆ ಪದಕ್ಕೆ ಒಂದು ಕಾಲದಲ್ಲಿ ಇದ್ದ ಠೀವಿಯೇ ಬೇರೆ. ಹದಿನೆಂಟನೆಯ ಶತಮಾನದ ಬ್ರಿಟಿಷ್ ಸಿಪಾಯಿಯ ಕೆಂಪು ಕೋಟಿನ ಎದೆಯ ಅಂಚನ್ನು ಹೊರಕ್ಕೆ ಮಡಚಿ ಗುಂಡಿ ಹಾಕಿದರೆ ಒಳಗಿನ ಬಣ್ಣ ಕಾಣುತ್ತಿತ್ತು. ಆ ಬಣ್ಣವೇ ಫೇಸಿಂಗ್, ಅದರಿಂದಲೇ ಪಡೆಯ ಗುರುತು. 1768ರ ರಾಜಾಜ್ಞೆಯಂತೂ ಮಡಿಕೆಯ ಅಗಲ ಮೂರು ಅಂಗುಲವೆಂದು ಗೊತ್ತುಮಾಡಿತ್ತು. 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ಏರಿ ಬಂದವರಲ್ಲಿಯೂ 12ನೇ ಪಡೆಯದು ಹಳದಿ ಫೇಸಿಂಗ್. ವೆಲ್ಲೆಸ್ಲಿಯ 33ನೇ ಪಡೆಯದು ಕೆಂಪಿನ ಮೇಲೆ ಕೆಂಪು, ಅಂದರೆ ಮಡಚಿದರೂ ಮಡಚದಿದ್ದರೂ ಅಷ್ಟೇ.

ಆಗಿನ ಪಡೆಗಳನ್ನು ಕರ್ನಲನ ಹೆಸರಿನಿಂದ ಕರೆಯುವ ರೂಢಿಯಿತ್ತು. 1740ರ ದಶಕದಲ್ಲಿ ಈಗಿನ ಬೆಲ್ಜಿಯಂ ಕಡೆಯ ಫ್ಲಾಂಡರ್ಸ್‌ನ ಯುದ್ಧಕ್ಕೆ ಹೋದ 3ನೇ ಪಡೆಗೆ ಥಾಮಸ್ ಹೋವರ್ಡ್, 19ನೇ ಪಡೆಗೆ ಚಾರ್ಲ್ಸ್ ಹೋವರ್ಡ್. ಒಂದೇ ಊರಿನಲ್ಲಿ ಇಬ್ಬರು ವೆಂಕಟೇಶಯ್ಯಗಳಿದ್ದರೆ ಒಬ್ಬರನ್ನು ಅಂಗಡಿಯಿಂದಲೂ ಇನ್ನೊಬ್ಬರನ್ನು ಮೂಗಿನಿಂದಲೂ ಗುರುತಿಸುವ ಹಾಗೆ, ಹದ ಮಾಡಿದ ತೊಗಲಿನ ಮಾಸಲು ಹಳದಿಯವರು ಬಫ್ ಹೋವರ್ಡ್‌ಗಳೆಂದೂ ಹಸಿರಿನವರು ಗ್ರೀನ್ ಹೋವರ್ಡ್‌ಗಳೆಂದೂ ಆದರು. ಕರ್ನಲರು ಸತ್ತರೂ ಬಣ್ಣ ಉಳಿಯಿತು. 1881ರಲ್ಲಿ ಕಚೇರಿಯ ಮಹಾಶಯರೊಬ್ಬರಿಗೆ ಮಿತವ್ಯಯದ ಯೋಚನೆ ಬಂದು, ಹೆಸರಿನಲ್ಲಿ 'ರಾಯಲ್' ಎಂಬ ಪದವಿಯಿಲ್ಲದ ಇಂಗ್ಲಿಷ್ ಪಡೆಗಳಿಗೆಲ್ಲ ಬಿಳಿಯ ಫೇಸಿಂಗ್ ಎಂದಾಯಿತು. ಬಫ್‌ನವರು 1890ರಲ್ಲಿ ತಮ್ಮ ಹಳದಿಯನ್ನು ಮರಳಿ ಪಡೆದರು. ಹಸಿರಿನವರು 1899ರವರೆಗೆ ಕಾದರು, ಅಂದರೆ ಒಂದು ಗೇಣು ಬಟ್ಟೆಗೆ ಹದಿನೆಂಟು ವರ್ಷ, ಮತ್ತು 1920ರಲ್ಲಿ ಗ್ರೀನ್ ಹೋವರ್ಡ್ಸ್ ಎಂಬ ಅಡ್ಡಹೆಸರನ್ನೇ ಅಧಿಕೃತವಾಗಿ ಇಟ್ಟುಕೊಂಡರು. ನನ್ನ ಮನೆಯವರಿಗೆ ಇದು ಹುಚ್ಚಾಗಿ ಕಂಡಿತು. ನನಗೆ ಕಾಣಲಿಲ್ಲ, ಎಲ್ಲವನ್ನೂ ಒಂದೇ ಬಣ್ಣಕ್ಕೆ ತರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ.

ನನ್ನ ಕೋಟಿನ ಕಾಜವೂ ಆ ಕಾಲದ್ದೇ. ಚಳಿಗೆ ಮಡಿಕೆಯನ್ನು ಬಿಡಿಸಿ ಕತ್ತಿನ ತನಕ ಮುಚ್ಚಿಕೊಳ್ಳಲು ಆಚೆ ಬದಿಯಲ್ಲಿ ಗುಂಡಿಯಿತ್ತು. ಗುಂಡಿ ಹೋಯಿತು, ಕಾಜ ಹೂವಿಗೆ ಉಳಿಯಿತು, ಒಳ್ಳೆಯ ದರ್ಜಿಗಳು ಮಡಿಕೆಯ ಹಿಂದೆ ಹೂವಿನ ತೊಟ್ಟನ್ನು ಹಿಡಿಯಲೆಂದು ದಾರದ ಸಣ್ಣ ಕುಣಿಕೆಯನ್ನೂ ಹಾಕತೊಡಗಿದರು. ಇದನ್ನೆಲ್ಲ ವಿವರಿಸಿದಾಗ ನನ್ನ ದರ್ಜಿ ಕತ್ತರಿಯನ್ನು ಕೆಳಗಿಟ್ಟು ಕೇಳಿದರು, ಮತ್ತು "ಕೊಯ್ದು ಕೊಡುತ್ತೇನೆ ಸಾರ್, ಕೈಕಾಜಕ್ಕೆ ಕೂಲಿ ಬೇರೆ" ಎಂದರು.