ಸಮುದ್ರದ ನೀರಿಂದ ಹೈಡ್ರೋಜನ್: ಎಷ್ಟು ಗಂಟೆ ಬಾಳಿತು ಅಂತ ಮೊದಲು ಕೇಳಿ

"ಸಮುದ್ರದ ನೀರಿನಿಂದ ಹಸಿರು ಹೈಡ್ರೋಜನ್, ಹೊಸ ಕ್ಯಾಟಲಿಸ್ಟ್ ಕಂಡುಹಿಡಿದ ವಿಜ್ಞಾನಿಗಳು" ಅನ್ನೋ ಸುದ್ದಿಯನ್ನು ಆಗಾಗ ಯಾರಾದರೂ ಶೇರ್ ಮಾಡುತ್ತಲೇ ಇರುತ್ತಾರೆ. ಓದಿದರೆ ಖುಷಿಯಾಗುತ್ತದೆ. ಆದರೆ ಮುಖ್ಯವಾದ ಒಂದು ಅಂಕಿ ಮಾತ್ರ ಅಲ್ಲಿ ಕಾಣೋದೇ ಇಲ್ಲ. ಆ ಕ್ಯಾಟಲಿಸ್ಟ್, ಅಂದರೆ ತಾನು ಖರ್ಚಾಗದೆ ಕ್ರಿಯೆಯನ್ನು ಸಲೀಸು ಮಾಡುವ ವಸ್ತು, ಉಪ್ಪುನೀರಲ್ಲಿ ಎಷ್ಟು ಗಂಟೆ ಬಾಳಿತು? ಎಷ್ಟು ಕಡಿಮೆ ವೋಲ್ಟೇಜಿನಲ್ಲಿ ಕೆಲಸ ಶುರು ಮಾಡಿತು ಅನ್ನೋದಕ್ಕೇ ಎಲ್ಲ ಚಪ್ಪಾಳೆ. ನನ್ನ ಪ್ರಕಾರ ಇದು ತಲೆಕೆಳಗು.

ನೀರಿಗೆ ಕರೆಂಟ್ ಹಾಯಿಸಿದರೆ ಒಂದು ಕಡೆ ಹೈಡ್ರೋಜನ್, ಇನ್ನೊಂದು ಕಡೆ ಆಕ್ಸಿಜನ್ ಬರುತ್ತದೆ. 1800ರಿಂದಲೂ ಗೊತ್ತಿರೋ ವಿಷಯ. ತೊಂದರೆ ಶುರುವಾಗೋದು ನೀರಲ್ಲಿ ಉಪ್ಪಿದ್ದಾಗ. ಒಂದು ಲೀಟರ್ ಸಮುದ್ರದ ನೀರಲ್ಲಿ ಸುಮಾರು 35 ಗ್ರಾಂ ಉಪ್ಪು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ಲೋರೈಡ್. ಆಕ್ಸಿಜನ್ ಬರಬೇಕಾದ ಆನೋಡ್ ಹತ್ತಿರ ಇದೂ ಕ್ಲೋರಿನ್ ಅನಿಲವಾಗೋಕೆ ಪೈಪೋಟಿಗೆ ನಿಲ್ಲುತ್ತದೆ. ಆಕ್ಸಿಜನ್‌ಗೆ 1.23 ವೋಲ್ಟ್ ಸಾಕು, ಕ್ಲೋರಿನ್‌ಗೆ 1.36 ಬೇಕು, ಹಾಗಾಗಿ ಆಕ್ಸಿಜನ್ನೇ ಗೆಲ್ಲಬೇಕು ಅಲ್ವಾ? ಗೆಲ್ಲೋದಿಲ್ಲ. ಒಂದು ಆಕ್ಸಿಜನ್ ಅಣು ಹುಟ್ಟೋಕೆ ನಾಲ್ಕು ಎಲೆಕ್ಟ್ರಾನ್ ಕೈ ಬದಲಾಗಬೇಕು, ಕ್ಲೋರಿನ್‌ಗೆ ಎರಡೇ ಸಾಕು, ಅದಕ್ಕೇ ಅದು ಸಲೀಸಾಗಿ ಮುಂದೆ ಹೋಗಿಬಿಡುತ್ತದೆ. ಎರಡು ಪೆನ್ಸಿಲ್ ಸೀಸಕ್ಕೆ 9 ವೋಲ್ಟ್ ಬ್ಯಾಟರಿ ಜೋಡಿಸಿ, ಚೆನ್ನಾಗಿ ಉಪ್ಪು ಕದಡಿದ ನೀರಲ್ಲಿ ಅದ್ದಿ ನೋಡಿ. ಸ್ವಲ್ಪ ಹೊತ್ತಿಗೇ ಈಜುಕೊಳದ ವಾಸನೆ ಮೂಗಿಗೆ ಬಡಿಯುತ್ತದೆ. (ಕಿಟಕಿ ತೆಗೆದಿಟ್ಟು ಮಾಡಿ, ಹತ್ತಿರ ಹೋಗಿ ಮೂಸಬೇಡಿ.)

ಕ್ಲೋರಿನ್ ಬಂದರೆ ಬರಲಿ, ಮಾರಿದರಾಯಿತು ಅನ್ನೋರಿದ್ದಾರೆ. ಲೆಕ್ಕ ಹಾಕಿ ನೋಡಿ. ಆನೋಡಿನಲ್ಲಿ ಬರೀ ಕ್ಲೋರಿನ್ನೇ ಬಂದರೆ ಒಂದು ಕಿಲೋ ಹೈಡ್ರೋಜನ್‌ಗೆ 35 ಕಿಲೋ ಕ್ಲೋರಿನ್. ಜಗತ್ತು ಈಗ ವರ್ಷಕ್ಕೆ ಒಂಬತ್ತು ಕೋಟಿ ಟನ್‌ಗೂ ಜಾಸ್ತಿ ಹೈಡ್ರೋಜನ್ ಬಳಸುತ್ತದೆ. ಅಷ್ಟನ್ನೂ ಹೀಗೇ ಮಾಡಿದರೆ 300 ಕೋಟಿ ಟನ್ ದಾಟುವ ಆ ವಿಷಾನಿಲವನ್ನು ಎಲ್ಲಿ ಇಡೋದು?

ಕ್ಯಾಟಲಿಸ್ಟ್ ಬೇಕಾಗೋದು ಇಲ್ಲೇ. ಜಪಾನಿನ ಕೋಜಿ ಹಶಿಮೋಟೊ ಅವರ ತಂಡ 1990ರ ದಶಕದಲ್ಲೇ ಮ್ಯಾಂಗನೀಸ್ ಆಕ್ಸೈಡ್ ಇರುವ ಆನೋಡ್‌ಗಳನ್ನು ಮಾಡಿ, ಕ್ಲೋರಿನ್ ಬದಲು ಆಕ್ಸಿಜನ್ನೇ ಬರುವ ಹಾಗೆ ಮಾಡಿತ್ತು. 2016ರಲ್ಲಿ ಬರ್ಲಿನ್ನಿನ ಪೀಟರ್ ಸ್ಟ್ರಾಸರ್ ತಂಡ ಒಂದು ಸೊಗಸಾದ ಗೆರೆ ಎಳೆದುಕೊಟ್ಟಿತು. ನೀರನ್ನು ಕ್ಷಾರೀಯವಾಗಿಟ್ಟರೆ, ಕ್ಲೋರೈಡ್ ಹೈಪೋಕ್ಲೋರೈಟ್ (ಬ್ಲೀಚ್‌ನಲ್ಲಿರೋ ಕ್ಲೋರಿನ್ ರೂಪ) ಆಗೋಕೆ ಆಕ್ಸಿಜನ್‌ಗಿಂತ ಸುಮಾರು 0.48 ವೋಲ್ಟ್ ಜಾಸ್ತಿ ಬೇಕು. ಅಷ್ಟರೊಳಗೆ ಆಕ್ಸಿಜನ್ ಬಿಡಿಸುವ ಕ್ಯಾಟಲಿಸ್ಟ್ ಇದ್ದರೆ ಕ್ಲೋರಿನ್ ಕಾಟವೇ ಇಲ್ಲ. ನಿಕ್ಕಲ್ ಮತ್ತು ಕಬ್ಬಿಣದ ಪದರ ಪದರವಾದ ಹೈಡ್ರಾಕ್ಸೈಡ್ ಆ ಕೆಲಸ ಮಾಡುತ್ತದೆ. ಇದು ನನಗೆ ತುಂಬಾ ಇಷ್ಟವಾದ ಸಂಗತಿ, ಯಾಕೆಂದರೆ ಇವೆರಡೂ ಸುಲಭವಾಗಿ ಸಿಗುವ ಲೋಹಗಳು, ಆದರೆ ಆಮ್ಲೀಯ ಎಲೆಕ್ಟ್ರೋಲೈಸರ್‌ಗಳಿಗೆ (ಕರೆಂಟಿನಿಂದ ನೀರು ಒಡೆಯುವ ಯಂತ್ರಗಳಿಗೆ) ಬೇಕಾದ ಇರಿಡಿಯಂ ಲೋಹ ಇಡೀ ಜಗತ್ತಿನಲ್ಲಿ ವರ್ಷಕ್ಕೆ ಸಿಗೋದೇ ಹತ್ತು ಟನ್‌ಗಿಂತ ಕಡಿಮೆ.

2019ರಲ್ಲಿ ಸ್ಟ್ಯಾನ್‌ಫರ್ಡ್‌ನ ಹೊಂಗ್ಜಿಯೆ ಡಾಯ್ ತಂಡ ಇದೇ ನಿಕ್ಕಲ್-ಕಬ್ಬಿಣದ ಕೆಳಗೆ ನಿಕ್ಕಲ್ ಸಲ್ಫೈಡ್ ಪದರ ಕೊಟ್ಟಿತು. ಕರೆಂಟ್ ಹರಿದಾಗ ಅಲ್ಲಿ ಸಲ್ಫೇಟಿನಂಥ ಋಣ ಅಯಾನುಗಳು ಸೇರಿಕೊಂಡು, ತಮ್ಮ ಹಾಗೇ ಋಣವಾಗಿರುವ ಕ್ಲೋರೈಡನ್ನು ಹತ್ತಿರ ಬರೋಕೆ ಬಿಡಲ್ಲ. ಕ್ಷಾರ ಬೆರೆಸಿದ ಸಮುದ್ರದ ನೀರಲ್ಲಿ ಸಾವಿರ ಗಂಟೆ ದಾಟಿತು. ನಿಜಕ್ಕೂ ದೊಡ್ಡ ಕೆಲಸ. ಆದರೆ ಸಾವಿರ ಗಂಟೆ ಅಂದರೆ 42 ದಿನ. ಕಾರ್ಖಾನೆಯ ಎಲೆಕ್ಟ್ರೋಲೈಸರ್‌ನಿಂದ ನಿರೀಕ್ಷಿಸೋದು 60,000 ಗಂಟೆಗೂ ಜಾಸ್ತಿ.

ಇನ್ನು ಕ್ಯಾಥೋಡ್. ಹೈಡ್ರೋಜನ್ ಗುಳ್ಳೆ ಏಳುವ ಜಾಗದಲ್ಲಿ ನೀರು ತುಂಬಾ ಕ್ಷಾರೀಯವಾಗಿ, ಸಮುದ್ರದ ಮೆಗ್ನೀಸಿಯಂ ಬಿಳಿ ಲೋಳೆಯಾಗಿ ಎಲೆಕ್ಟ್ರೋಡ್ ಮೇಲೆ ಕೂರುತ್ತದೆ. ಎದೆ ಉರಿಗೆ ಕುಡಿಯೋ ಬಿಳಿ ಔಷಧಿಯಲ್ಲಿ ಇರೋದೂ ಇದೇ ಮೆಗ್ನೀಸಿಯಂ ಹೈಡ್ರಾಕ್ಸೈಡ್. ಅದು ದಪ್ಪವಾದ ಹಾಗೆ ಕ್ಯಾಟಲಿಸ್ಟ್ ಮುಚ್ಚಿಹೋಗುತ್ತದೆ. ಅದಕ್ಕೇ ಎಷ್ಟೋ ಪ್ರಯೋಗಗಳಲ್ಲಿ ಮೊದಲೇ ಕ್ಷಾರ ಹಾಕಿ, ಅದನ್ನು ಕೆಳಗೆ ಕೂರಿಸಿ, ತಿಳಿನೀರನ್ನು ಮಾತ್ರ ಬಳಸುತ್ತಾರೆ. ಅಲ್ಲಿಗೆ ಅದು ನೇರ ಸಮುದ್ರದ ನೀರು ಆಗಿ ಉಳಿಯಲಿಲ್ಲ. ಜೊತೆಗೆ ಒಡೆದುಹೋಗುವ ಪ್ರತಿ ಒಂಬತ್ತು ಲೀಟರ್ ನೀರಿಗೆ 300 ಗ್ರಾಂ ಉಪ್ಪು ಹಿಂದೆ ಉಳಿಯುತ್ತದೆ. ಅದನ್ನು ಹೊರಗೆ ಹಾಕಿದರೆ ಸೇರಿಸಿದ ಕ್ಷಾರವೂ ಹೋಗುತ್ತದೆ.

"ಉಪ್ಪು ತೆಗೆಯೋ ಖರ್ಚು ಉಳಿಯುತ್ತದೆ" ಅನ್ನೋ ವಾದವನ್ನು ನಾನು ಒಪ್ಪೋದಿಲ್ಲ. ಒಂದು ಕಿಲೋ ಹೈಡ್ರೋಜನ್‌ಗೆ ಹತ್ತಿರ ಹತ್ತಿರ 50 ಯೂನಿಟ್ ಕರೆಂಟ್ ಬೇಕು. ಅದಕ್ಕೆ ಬೇಕಾದ ಒಂಬತ್ತು ಹತ್ತು ಲೀಟರ್ ನೀರಿನ ಉಪ್ಪು ತೆಗೆಯೋಕೆ, ಸಾವಿರ ಲೀಟರಿಗೆ 4 ಯೂನಿಟ್ ಅಂತಿಟ್ಟರೂ, 0.04 ಯೂನಿಟ್ ಸಾಕು. ಅಷ್ಟಕ್ಕೋಸ್ಕರ ಇಷ್ಟೆಲ್ಲ ಒದ್ದಾಟ ಬೇಕಿಲ್ಲ. ಬೇಕಾಗಿರೋದು ಬೇರೆ ಕಾರಣಕ್ಕೆ. ನಡುಸಮುದ್ರದಲ್ಲಿ ಗಾಳಿಯಂತ್ರದ ಪಕ್ಕದಲ್ಲೇ, ಯಾರೂ ನೋಡಿಕೊಳ್ಳೋರಿಲ್ಲದ ಕಡೆ, ಒಂದು ದಿನ ಫಿಲ್ಟರ್ ಕೈಕೊಟ್ಟು ಉಪ್ಪು ಒಳಗೆ ಬಂದರೂ ಸಾಯದ ಯಂತ್ರ ಬೇಕು. ಅದನ್ನು ಕೊಡೋದು ಗಟ್ಟಿ ಕ್ಯಾಟಲಿಸ್ಟ್. ಚೀನಾದ ಷಿಯೆ ಹೆಪಿಂಗ್ ತಂಡ 2022ರಲ್ಲಿ ಬೇರೆ ದಾರಿ ಹಿಡಿದು, ಆವಿಯನ್ನು ಮಾತ್ರ ಬಿಡುವ ಪೊರೆ ಹಾಕಿ, ಉಪ್ಪು ಕ್ಯಾಟಲಿಸ್ಟ್ ಹತ್ತಿರವೇ ಬರದ ಹಾಗೆ 3,200 ಗಂಟೆ ನಡೆಸಿತು. ಜಾಣತನವೇ. ಪೊರೆ ತೂತಾದ ದಿನ ಏನು ಅನ್ನೋದು ಮಾತ್ರ ನನ್ನ ತಲೆಯಿಂದ ಹೋಗಲ್ಲ.

ಎಲ್ಲರೂ ಮರೆಯೋ ಇನ್ನೊಂದು ವಿಷಯ ಇದೆ. ಲ್ಯಾಬಿನಲ್ಲಿ ಕರೆಂಟ್ ಒಂದೇ ಸಮ ಹರಿಯುತ್ತದೆ. ಬಿಸಿಲು, ಗಾಳಿ ಹಾಗಲ್ಲ. ಯಂತ್ರ ನಿಂತಾಗ ಒಳಗೆ ಕರೆಂಟ್ ಉಲ್ಟಾ ಹರಿದು, ಅಲ್ಲಿಯವರೆಗೆ ಸುರಕ್ಷಿತವಾಗಿದ್ದ ಕ್ಯಾಥೋಡೇ ತುಕ್ಕು ಹಿಡಿಯೋಕೆ ಶುರುವಾಗುತ್ತದೆ, ಕ್ಲೋರೈಡ್ ಪಕ್ಕದಲ್ಲೇ ಇದ್ದರೆ ಕೇಳೋದೇ ಬೇಡ. 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಚೀನೀ ಸಂಶೋಧಕರ ಕೆಲಸ ಇದನ್ನೇ ಹಿಡಿದುಕೊಂಡಿತು. ನಿಕ್ಕಲ್-ಕೋಬಾಲ್ಟ್ ಫಾಸ್ಫೈಡ್ ಮೇಲೆ ಕ್ರೋಮಿಯಂ ಆಕ್ಸೈಡ್ ಇರುವ ಕ್ಯಾಥೋಡ್. ಯಂತ್ರ ನಿಂತ ಹೊತ್ತಲ್ಲಿ ಅದು ತಾನೇ ಒಂದು ರಕ್ಷಣೆಯ ಪದರ ಕಟ್ಟಿಕೊಳ್ಳುತ್ತದೆ. ಏರಿಳಿಯುವ ಕರೆಂಟಿನಲ್ಲೇ 10,000 ಗಂಟೆ ಓಡಿತು. ಶೇರ್ ಮಾಡೋದಾದರೆ ಇಂಥದ್ದನ್ನು ಮಾಡಿ.