ಬಾಗಿಲು ಹಾಕಿಕೊಂಡು ಅದೇನು ಮಾತಾಡುತ್ತೀರಿ ಸ್ವಾಮಿ?

ನಿನ್ನೆ ರಾತ್ರಿ ನಿದ್ದೆಗೆಟ್ಟು ಬ್ರಿಟನ್ ಸಂಸತ್ತಿನ ಗೃಹ ವ್ಯವಹಾರಗಳ ಸಮಿತಿಯ ಒಂದು ಹಳೇ ವಿಡಿಯೊ ನೋಡಿದೆ. ಜನ ರೀಲ್ಸ್ ನೋಡುತ್ತಾರೆ, ನಾನು ಇಂಥವು ನೋಡುತ್ತೇನೆ. ನಗುವವರು ಈಗಲೇ ನಕ್ಕುಬಿಡಿ.

2023ರ ಮೇ 6ಕ್ಕೆ ಅಲ್ಲಿ ಚಾರ್ಲ್ಸ್ ಪಟ್ಟಾಭಿಷೇಕ. ರಾಜ ಬೇಡ ಅಂತ ಬೋರ್ಡ್ ಹಿಡಿಯಲು ಬಂದಿದ್ದ ರಿಪಬ್ಲಿಕ್ ಸಂಘಟನೆಯ ಆರು ಜನರನ್ನು ಲಂಡನ್ ಪೊಲೀಸರು ಬೆಳಿಗ್ಗೆಯೇ ಎತ್ತಿಕೊಂಡು ಹೋದರು. ಅವರ ಹತ್ತಿರ ಸಾಮಾನು ಕಟ್ಟುವ ಪಟ್ಟಿಗಳಿದ್ದವು, ಅದರಿಂದ ತಮ್ಮನ್ನು ಎಲ್ಲಿಗಾದರೂ ಬಿಗಿದುಕೊಂಡು ಗಲಾಟೆ ಮಾಡಬಹುದು ಅನ್ನೋದು ಅನುಮಾನ. ಮೂರು ದಿನ ಹಿಂದಷ್ಟೇ ಜಾರಿಗೆ ಬಂದ ಹೊಸ ಕಾನೂನು ಬೇರೆ ಕೈಯಲ್ಲಿತ್ತು. ಆಮೇಲೆ ಪೊಲೀಸರೇ ವಿಷಾದ ಹೇಳಿದರು. ಅದಲ್ಲ ವಿಷಯ. ಎರಡು ವಾರ ತುಂಬುವ ಮೊದಲೇ, ಬಂಧನವಾಗಿದ್ದ ಗ್ರಹಾಂ ಸ್ಮಿತ್ ಎಂಬ ಆ ಸಂಘಟನೆಯ ಮುಖ್ಯಸ್ಥ ಸಂಸದರ ಎದುರು ಕೂತು ಏನೇನಾಯಿತು ಅಂತ ಹೇಳುತ್ತಿದ್ದಾನೆ. ಅದೇ ಸಮಿತಿಯ ಮುಂದೆ ಹಿರಿಯ ಪೊಲೀಸ್ ಅಧಿಕಾರಿಯೂ ಬಂದು ಉತ್ತರ ಕೊಡಬೇಕಾಯಿತು. ಎಲ್ಲಾ ನೇರ ಪ್ರಸಾರ. ಯಾರು ತಡವರಿಸಿದರು, ಯಾರು ಜಾರಿಕೊಂಡರು, ಎಲ್ಲಾ ಕಾಣುತ್ತದೆ.

ಖುಷಿಯಾಗಬೇಕಿತ್ತು. ಮೈ ಉರಿಯಿತು.

ಯಾಕೆಂದರೆ ನಮ್ಮಲ್ಲೂ ಇಂಥ ಸಮಿತಿ ಇದೆ ಕಣ್ರಿ! ಗೃಹ ವ್ಯವಹಾರಗಳ ಸ್ಥಾಯಿ ಸಮಿತಿ. 1993ರಲ್ಲಿ ಶುರುವಾದ ವ್ಯವಸ್ಥೆ. ಲೋಕಸಭೆಯ 21, ರಾಜ್ಯಸಭೆಯ 10, ಒಟ್ಟು 31 ಸದಸ್ಯರು. ಪೊಲೀಸ್, ಜೈಲು, ಕ್ರಿಮಿನಲ್ ಕಾನೂನು ಎಲ್ಲಾ ಅವರ ಕೈಗೇ ಬರುತ್ತದೆ. ಗೃಹ ಕಾರ್ಯದರ್ಶಿಯನ್ನು ಕರೆಸುತ್ತಾರೆ, ಪ್ರಶ್ನೆ ಕೇಳುತ್ತಾರೆ. ನಮಗೆ ಮಾತ್ರ ಒಂದು ಅಕ್ಷರ ಕೇಳಿಸುವುದಿಲ್ಲ. ಬಾಗಿಲು ಬಂದ್. ಸದನದಲ್ಲಿ ಕೂಗಾಡುವುದನ್ನು ತೋರಿಸಲು ಸಂಸದ್ ಟಿವಿ ಇದೆ, ಕೂತು ಕೆಲಸ ಮಾಡುವುದನ್ನು ತೋರಿಸಲು ಏನೂ ಇಲ್ಲ. ಎಂಥ ಚೆಂದ ಅಲ್ವಾ.

ಈ ಸಮಿತಿಗಳ ವರದಿ ಓದುವುದು ನನಗೊಂದು ಚಟ. ಕೊನೆಯಲ್ಲಿ ಸಭೆಯ ನಡಾವಳಿ ಅಂತ ಒಂದೆರಡು ಪುಟ ಇರುತ್ತದೆ. ಯಾರ್‍ಯಾರು ಬಂದಿದ್ದರು ಅಂತ ಪಟ್ಟಿ. ಕಾರ್ಯದರ್ಶಿ ವಿವರಿಸಿದರು, ಸದಸ್ಯರು ಸ್ಪಷ್ಟನೆ ಕೇಳಿದರು, ಅಧಿಕಾರಿಗಳು ಉತ್ತರಿಸಿದರು. ಏನು ಕೇಳಿದರು? ಏನು ಉತ್ತರಿಸಿದರು? ಅದು ಇರುವುದಿಲ್ಲ. ಮಾತುಗಳನ್ನೆಲ್ಲ ಅಕ್ಷರಶಃ ದಾಖಲಿಸಿಕೊಳ್ಳಲಾಗಿದೆ ಅಂತ ಒಂದು ಸಾಲು ಮಾತ್ರ ಇರುತ್ತದೆ. ಸರಿ ಸ್ವಾಮಿ, ದಾಖಲಿಸಿಕೊಂಡಿದ್ದು ಯಾರಿಗೋಸ್ಕರ? ಒಳಮನೆಯಲ್ಲಿ ಹಿರಿಯರು ಕೂತು ಮಾತುಕತೆ ಮುಗಿಸಿ, ಮದುವೆ ಹುಡುಗಿಗೆ ಮುಹೂರ್ತ ಮಾತ್ರ ಹೇಳಿದ ಹಾಗಾಯಿತು.

ಮೂರು ಹೊಸ ಕ್ರಿಮಿನಲ್ ಕಾನೂನುಗಳ ಕತೆಯನ್ನೇ ನೋಡಿ. ಐಪಿಸಿ (ಯಾವುದು ಅಪರಾಧ, ಏನು ಶಿಕ್ಷೆ), ಸಿಆರ್‌ಪಿಸಿ (ಬಂಧನ, ತನಿಖೆ, ವಿಚಾರಣೆ ಹೇಗೆ), ಸಾಕ್ಷ್ಯ ಕಾಯ್ದೆ ಮೂರನ್ನೂ ಒಟ್ಟಿಗೆ ಬದಲಿಸುವ ಮಸೂದೆಗಳು ಬಂದಿದ್ದು 2023ರ ಆಗಸ್ಟ್ 11ಕ್ಕೆ. ಒಂದು ವಾರದಲ್ಲಿ ಸಮಿತಿಗೆ ಹೋದವು. ಆಗ ಅಧ್ಯಕ್ಷರು ಬ್ರಿಜ್‌ಲಾಲ್, ಉತ್ತರ ಪ್ರದೇಶದ ಮಾಜಿ ಡಿಜಿಪಿ. (ಪೊಲೀಸ್ ಅಧಿಕಾರ ಜಾಸ್ತಿ ಆಯಿತೋ ಕಡಿಮೆ ಆಯಿತೋ ಅಂತ ನೋಡಲು ಮಾಜಿ ಪೊಲೀಸ್ ಮುಖ್ಯಸ್ಥರು. ನಾನೇನೂ ಹೇಳುವುದಿಲ್ಲ. ಬ್ರಿಟನ್ನಿನಲ್ಲಿ ಸಮಿತಿಯ ಅಧ್ಯಕ್ಷರನ್ನು ಸಂಸದರೇ ಗುಪ್ತ ಮತದಾನದಲ್ಲಿ ಆರಿಸುತ್ತಾರೆ ಅಂತ ಮಾತ್ರ ಹೇಳಿ ಸುಮ್ಮನಾಗುತ್ತೇನೆ.) ನವೆಂಬರ್ 10ಕ್ಕೆ 246, 247, 248ನೇ ವರದಿಗಳು ಬಂದವು. ಮೂರು ಕಾನೂನು, ಅದರಲ್ಲಿ ಎರಡು ನೂರೈವತ್ತು ವರ್ಷ ದಾಟಿದವು, ಅವುಗಳ ಬದಲಾವಣೆ ನೋಡಲು ಮೂರು ತಿಂಗಳೂ ತುಂಬಲಿಲ್ಲ.

ಆದರೆ ಸಮಿತಿ ಏನೂ ಮಾಡಲಿಲ್ಲ ಅಂತ ನಾನು ಹೇಳುತ್ತಿಲ್ಲ, ಅದೇ ನನ್ನ ಹೊಟ್ಟೆಯುರಿ. ಸಮುದಾಯ ಸೇವೆ ಅಂತ ಹೊಸ ಶಿಕ್ಷೆ ತಂದಿದ್ದೀರಿ, ಹಾಗಂದರೆ ಏನು ಅಂತ ಬರೆಯಿರಿ ಎಂದರು. ಬರೆದರು. ‘ಮಾನಸಿಕ ಕಾಯಿಲೆ’ ಅಂತ ಹಾಕಿದರೆ ಎಲ್ಲರೂ ಅದರಡಿ ಶಿಕ್ಷೆ ತಪ್ಪಿಸಿಕೊಳ್ಳಬಹುದು, ಹಳೆಯ ‘ಅನ್‌ಸೌಂಡ್ ಮೈಂಡ್’ ಪದವೇ ಇರಲಿ ಎಂದರು. ಅದೂ ಆಯಿತು. ವ್ಯಭಿಚಾರವನ್ನು ಗಂಡು ಹೆಣ್ಣು ಇಬ್ಬರಿಗೂ ಅನ್ವಯಿಸಿ ಮತ್ತೆ ಅಪರಾಧ ಅಂತ ಕಾನೂನಲ್ಲಿ ಸೇರಿಸಿ ಎಂದರು, ಅದನ್ನು ಸರ್ಕಾರ ಒಪ್ಪಲಿಲ್ಲ (ಒಳ್ಳೆಯದೇ ಆಯಿತು). ಆದರೆ ಯಾವುದನ್ನು ಯಾಕೆ ಒಪ್ಪಿದರು, ಯಾಕೆ ಬಿಟ್ಟರು? ಯಾವ ತಜ್ಞ ಏನು ಎಚ್ಚರಿಕೆ ಕೊಟ್ಟರು, ಗೃಹ ಇಲಾಖೆ ಅದಕ್ಕೆ ಹೇಗೆ ಸಮಜಾಯಿಷಿ ಕೊಟ್ಟಿತು? ಎಲ್ಲಾ ಆ ರೂಮಿನ ಒಳಗೇ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ಪೊಲೀಸ್ ಕಸ್ಟಡಿ ವಿಷಯ. ಮೊದಲು 15 ದಿನದ ಪೊಲೀಸ್ ಕಸ್ಟಡಿ ಅಂದರೆ ಮೊದಲ ಸಲ ಕೋರ್ಟಿಗೆ ಹಾಜರುಪಡಿಸಿದ ಮೇಲಿನ 15 ದಿನದೊಳಗೆ ಮುಗಿಯಬೇಕು ಅನ್ನುವ ಅರ್ಥ ಇತ್ತು. ಈಗ ಸಿಆರ್‌ಪಿಸಿ ಜಾಗಕ್ಕೆ ಬಂದ ಹೊಸ ಕಾನೂನಿನ ಕಲಂ 187ರಲ್ಲಿ ಅದೇ 15 ದಿನವನ್ನು ತುಂಡು ತುಂಡಾಗಿ, ಅಪರಾಧ ನೋಡಿಕೊಂಡು, ಮೊದಲ 40 ಅಥವಾ 60 ದಿನಗಳಲ್ಲಿ ಯಾವಾಗ ಬೇಕಾದರೂ ಕೇಳಬಹುದು. ಜೈಲಿಗೆ ಹೋದ ಮೇಲೆ ನೆಮ್ಮದಿಯ ಉಸಿರು ಬಿಟ್ಟವನನ್ನು ಮತ್ತೆ ಠಾಣೆಗೆ ಎಳೆದು ತರಬಹುದು. ಬರೆದಿರುವುದು ಸ್ಪಷ್ಟವಾಗಿಲ್ಲ, ಸರಿಪಡಿಸಿ ಅಂತ ಸಮಿತಿಯೇ ಹೇಳಿತ್ತು. ಗೊಂದಲ ಉಳಿದೇ ಉಳಿಯಿತು. 2024ರ ಕೊನೆಗೆ ನಮ್ಮ ಕರ್ನಾಟಕ ಹೈಕೋರ್ಟೇ ಯಾವ ಅಪರಾಧಕ್ಕೆ 40 ದಿನದ ಲೆಕ್ಕ ಅಂತ ಬಿಡಿಸಿ ಹೇಳಬೇಕಾಯಿತು. ಆ ಕಲಮಿನ ಚರ್ಚೆ ಲೈವ್ ಬಂದಿದ್ದರೆ ಈ ದೇಶದ ಅರ್ಧ ವಕೀಲರಾದರೂ ಕೂತು ನೋಡುತ್ತಿದ್ದರು.

ಇನ್ನು ಸದನದಲ್ಲಿ ಚರ್ಚೆ ಆಯಿತಲ್ಲ ಎನ್ನಬೇಡಿ. ಡಿಸೆಂಬರ್ 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, ಎರಡೇ ದಿನದಲ್ಲಿ ಪಾಸ್. ಆಗ ಎರಡೂ ಸದನ ಸೇರಿ ವಿರೋಧ ಪಕ್ಷದ 140ಕ್ಕೂ ಹೆಚ್ಚು ಸಂಸದರು ಸಸ್ಪೆಂಡ್ ಆಗಿ ಹೊರಗಿದ್ದರು.

ಗೊತ್ತು, ಈಗ ಯಾರೋ ಕಾಮೆಂಟಲ್ಲಿ ಬರುತ್ತೀರಿ. ಬಾಗಿಲು ಮುಚ್ಚಿದ್ದರಿಂದಲೇ ಸಂಸದರು ಪಕ್ಷ ಮರೆತು ಮಾತಾಡುತ್ತಾರೆ, ಕ್ಯಾಮೆರಾ ಇಟ್ಟರೆ ಅಲ್ಲೂ ನಾಟಕ ಶುರುವಾಗುತ್ತದೆ ಅಂತ. ಮಾತಲ್ಲಿ ಸ್ವಲ್ಪ ಹುರುಳಿದೆ. ಆದರೆ ಈ ಮೂರು ವರದಿಗಳ ಭಿನ್ನಮತದ ಟಿಪ್ಪಣಿಗಳನ್ನು ನೋಡಿ. ಚಿದಂಬರಂ, ಅಧೀರ್ ರಂಜನ್ ಚೌಧರಿ, ಡೆರೆಕ್ ಒಬ್ರಿಯಾನ್, ದಯಾನಿಧಿ ಮಾರನ್. ಎಲ್ಲರೂ ಆಗಿನ ವಿರೋಧ ಪಕ್ಷದವರೇ. ಬಾಗಿಲು ಮುಚ್ಚಿದ್ದರೂ ಪಕ್ಷ ಅಲ್ಲೇ ಇತ್ತು, ನಾವು ಮಾತ್ರ ಹೊರಗಿದ್ದೆವು. ದೇಶದ ಭದ್ರತೆಯ ವಿಷಯ ಬಂದರೆ ಬಾಗಿಲು ಹಾಕಿಕೊಳ್ಳಿ, ಬ್ರಿಟನ್ನಿನವರೂ ಹಾಕಿಕೊಳ್ಳುತ್ತಾರೆ. ಕಾನ್‌ಸ್ಟೇಬಲ್ ಡ್ಯೂಟಿ ಅವಧಿಯಲ್ಲಿ ಅದ್ಯಾವ ದೇಶದ ಗುಟ್ಟಿದೆ?

ನನಗೆ ಇಷ್ಟು ಸಿಟ್ಟು ಯಾಕೆ ಅಂತ ಹಳೇ ಗೆಳೆಯರಿಗೆ ಗೊತ್ತು. ಅಪ್ಪ ಹೆಡ್ ಕಾನ್‌ಸ್ಟೇಬಲ್ ಆಗಿ ರಿಟೈರ್ ಆದವರು, ನಾವು ಪೊಲೀಸ್ ಕ್ವಾರ್ಟರ್ಸಲ್ಲಿ ಬೆಳೆದವರು. ಹಬ್ಬ ಅಂದರೆ ಬಂದೋಬಸ್ತ್, ಎಲೆಕ್ಷನ್ ಅಂದರೆ ಬಂದೋಬಸ್ತ್. ಗೊತ್ತಿಲ್ಲದ್ದು ಒಂದಿದೆ. ಅಪ್ಪ ಕೆಲವು ಕಾಲ ಒಬ್ಬ ಸಾಹೇಬರ ಮನೆಗೆ ತರಕಾರಿ ತರುತ್ತಿದ್ದರು, ನಾಯಿಯನ್ನು ಸುತ್ತಾಡಿಸುತ್ತಿದ್ದರು. ಅವರು ನಾಯಿ ಹಿಡಿದು ಎದುರು ಬಂದರೆ ನಾನು ಪಕ್ಕದ ರಸ್ತೆಗೆ ತಿರುಗಿಬಿಡುತ್ತಿದ್ದೆ. ಇಷ್ಟು ವರ್ಷದಲ್ಲಿ ನಾವಿಬ್ಬರೂ ಆ ಮಾತು ಎತ್ತಿಲ್ಲ.

ಅದಕ್ಕೇ 2022ರ 237ನೇ ವರದಿಯನ್ನು ನಾನು ಗಬಗಬ ಓದಿದ್ದೆ. ಪೊಲೀಸ್ ತರಬೇತಿ, ಆಧುನೀಕರಣ, ಸುಧಾರಣೆ ಬಗ್ಗೆ. ಆಗ ಆನಂದ್ ಶರ್ಮಾ ಅಧ್ಯಕ್ಷರು. ಮಂಜೂರಾದ ಹುದ್ದೆಗಳಲ್ಲಿ ಸುಮಾರು ಶೇಕಡ 21 ಖಾಲಿ, ಮಹಿಳೆಯರು ಶೇಕಡ 10ರ ಆಸುಪಾಸು, ಅದನ್ನು 33ಕ್ಕೆ ಏರಿಸಿ ಅಂತೆಲ್ಲ ಇದೆ. ಒಳ್ಳೆಯ ವರದಿ. ಆದರೆ ಅಪ್ಪನಂಥವರನ್ನು ಆ ರೂಮಿಗೆ ಕರೆದು, ಕೂರಿಸಿ, ನೀರು ಕೊಟ್ಟು, ‘ಹೇಳಿ, ನಿಮಗೆ ವಾರದ ರಜೆ ಸಿಗುತ್ತಾ’ ಅಂತ ಯಾರಾದರೂ ಕೇಳುವುದನ್ನು ನಾನು ಟಿವಿಯಲ್ಲಿ ನೋಡಬೇಕಿತ್ತು. ಅಪ್ಪನೂ ನೋಡಬೇಕಿತ್ತು.

ವರದಿ ಬಂದ ಮೇಲಿನ ನಾಟಕವೇ ಬೇರೆ. ನಿಯಮದ ಪ್ರಕಾರ ಸಮಿತಿಯ ಮಾತು ಬರೀ ಸಲಹೆ, ಸರ್ಕಾರ ಪಾಲಿಸಲೇಬೇಕು ಅಂತಿಲ್ಲ. ಪೊಲೀಸ್ ಸುಧಾರಣೆ ಬಗ್ಗೆ ಏನೇ ಕೇಳಿದರೂ ಗೃಹ ಇಲಾಖೆಯ ಹತ್ತಿರ ಒಂದು ಉತ್ತರ ಸದಾ ರೆಡಿ: ಪೊಲೀಸ್ ರಾಜ್ಯಪಟ್ಟಿಯ ವಿಷಯ, ರಾಜ್ಯಗಳಿಗೆ ಸಲಹಾ ಪತ್ರ ಕಳಿಸಿದ್ದೇವೆ. ಮುಗಿಯಿತು. ದೆಹಲಿ ರಾಜ್ಯದ ಕಡೆ ಕೈ ತೋರಿಸುತ್ತದೆ, ರಾಜ್ಯ ದುಡ್ಡಿಲ್ಲ ಅಂತ ದೆಹಲಿ ಕಡೆ ತೋರಿಸುತ್ತದೆ. ಆ ಉತ್ತರವನ್ನು ಕ್ಯಾಮೆರಾ ಎದುರು, ಮುಖ ಕೊಟ್ಟು, ಮೂರನೇ ಸಲ ಹೇಳಲಿ ನೋಡೋಣ.

ಸಮಿತಿಗೆ ಕಳಿಸಿದ ಮಸೂದೆಗಳ ಗತಿಯೇ ಹೀಗೆ. ಕಳಿಸುವುದೇ ಅಪರೂಪ. ಸಂಸತ್ತಿನ ಕೆಲಸದ ಲೆಕ್ಕ ಇಡುವ ಪಿಆರ್‌ಎಸ್ ಸಂಸ್ಥೆಯ ಪ್ರಕಾರ 15ನೇ ಲೋಕಸಭೆಯ (2009-14) ಕಾಲದಲ್ಲಿ ಶೇಕಡ 71 ಮಸೂದೆಗಳು ಸಮಿತಿಗೆ ಹೋಗಿದ್ದವು, 17ರ (2019-24) ಕಾಲಕ್ಕೆ ಅದು ಶೇಕಡ 16.

ಭಕ್ತರು, ಗುಲಾಮರು ಅಂತ ಇಲ್ಲಿ ಜಗಳ ತೆಗೆಯಬೇಡಿ, ಮ್ಯೂಟ್ ಮಾಡುತ್ತೇನೆ. 15ನೇ ಲೋಕಸಭೆಯಲ್ಲಿ ಇದ್ದವರೂ ಆ ಬಾಗಿಲು ತೆಗೆದಿರಲಿಲ್ಲ. ವರದಿಗಳು ರಾಜ್ಯಸಭೆಯ ವೆಬ್‌ಸೈಟಲ್ಲಿ ಪುಕ್ಕಟೆ ಸಿಗುತ್ತವೆ. ಕಸ್ಟಡಿ ಕಲಂ ಬಗ್ಗೆ ಇರುವ 247ನೇದನ್ನು ಇಳಿಸಿಕೊಂಡು ಹಿಂದಿನಿಂದ ಓದಿ, ಭಿನ್ನಮತದ ಟಿಪ್ಪಣಿಗಳು ಮೊದಲು. ವಕೀಲ ಮಿತ್ರರು ಯಾರಾದರೂ ಕಲಂ 187ರ ಭಾಗವನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದು ಕೆಳಗೆ ಹಾಕಿದರೆ ಪಿನ್ ಮಾಡುತ್ತೇನೆ.