ಕೆಎ 31ರ ನೆಬೂಕದ್ನೆಚ್ಚರ

ಹೆಸರುಗಳಲ್ಲಿ ಗೂಢಾರ್ಥ ಹುಡುಕುವ ಕಾಯಿಲೆ ನನಗೆ ತಗುಲಿದ್ದು ಕಳೆದ ವರ್ಷದ ಚೌತಿಯಲ್ಲಿ. ಮುಂಬಯಿಯಿಂದ ಶಿರಸಿಗೆ ಬಂದಿದ್ದ ಅಕ್ಕನ ಮಗ ಚಕ್ಕುಲಿ ಮುರಿಯುತ್ತ, 1999ರಲ್ಲಿ ತೆರೆಕಂಡ ‘ದಿ ಮ್ಯಾಟ್ರಿಕ್ಸ್’ ಎಂಬ ವೈಜ್ಞಾನಿಕ ಚಿತ್ರದಲ್ಲಿ ಒಂದು ಹೆಸರೂ ಸುಮ್ಮನೆ ಇಟ್ಟದ್ದಲ್ಲವೆಂದು ವಿವರಿಸಿದ. ಹಬ್ಬ ಮುಗಿಸಿ ಅವನು ಹೊರಟುಹೋದ. ಕಾಯಿಲೆ ಇಲ್ಲೇ ಉಳಿಯಿತು.

ಈ ವರ್ಷದ ಆಷಾಢದಲ್ಲಿ, ಮಳೆ ಬಿಡುವು ಕೊಡದ ಒಂದು ಸಂಜೆ, ಮನೆಮಂದಿಗೆಲ್ಲ ಆ ಚಿತ್ರವನ್ನು ತೋರಿಸಿ ಜ್ಞಾನದಾನ ಮಾಡಲು ನಿರ್ಧರಿಸಿದೆ. ಶ್ರೋತೃಗಳಾಗಿ ಆಯಿ, ಸಂಸ್ಕೃತ ಬಲ್ಲ ಮಾವನವರು ಮತ್ತು ಹೆಂಡತಿಯ ಅಣ್ಣನಾದ ಭಾವ ಇದ್ದರು. ಯಂತ್ರಗಳು ಮನುಷ್ಯರನ್ನೆಲ್ಲ ಮಲಗಿಸಿ, ಲೋಕವೆಂಬ ಕನಸನ್ನು ಅವರ ತಲೆಯೊಳಗೆ ಓಡಿಸುತ್ತಿರುತ್ತವೆ ಎಂದು ಕಥೆಯ ಪೀಠಿಕೆ ಹಾಕಿದಾಗ ಮಾವನವರು, “ಮಾಯಾವಾದ. ಮುಂದೆ ಹೇಳು” ಎಂದರು. ಆರಂಭ ಚೆನ್ನಾಗಿಯೇ ಇತ್ತು.

ನಾಯಕನ ಹೆಸರು ನಿಯೋ. ಗ್ರೀಕಿನಲ್ಲಿ ಇದಕ್ಕೆ ಹೊಸತು ಎಂಬ ಅರ್ಥವಿದೆ. ಅಲ್ಲದೆ ಇಂಗ್ಲಿಷಿನ ಆ ಮೂರು ಅಕ್ಷರಗಳನ್ನು ಹಿಂದೆಮುಂದೆ ಮಾಡಿದರೆ ‘ಒನ್’ ಎಂದಾಗುತ್ತದೆ, ಅಂದರೆ ಎಲ್ಲರೂ ಕಾಯುತ್ತಿರುವ ಆ ಒಬ್ಬ. ಇಂಗ್ಲಿಷ್ ಬಾರದ ಆಯಿಗೂ ಈ ಚಮತ್ಕಾರ ತಿಳಿಯಲಿ ಎಂಬ ಸದುದ್ದೇಶದಿಂದ ನಾನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪ ಅಕ್ಷರಗಳಲ್ಲಿ ‘ನಿಯೋ’ ಎಂದು ಕನ್ನಡದಲ್ಲಿ ಬರೆದು, ಅದರ ಕೆಳಗೆ ಎರಡು ಅಕ್ಷರಗಳನ್ನು ತಿರುಗಿಸಿ ಬರೆದೇಬಿಟ್ಟೆ. ಬಂದ ಪದವನ್ನು ಇಲ್ಲಿ ಮುದ್ರಿಸುವುದಿಲ್ಲ. ಆಸಕ್ತ ಓದುಗರು ತಾವೇ ತಿರುಗಿಸಿಕೊಳ್ಳಬಹುದು. ಹೆಂಡತಿ ಎದ್ದು ಅಡುಗೆಮನೆಗೆ ಹೋದಳು. ಮಾವನವರೊಬ್ಬರೇ ಕನ್ನಡಕ ಸರಿಪಡಿಸಿಕೊಂಡು, “ಮೂಲಸ್ಥಾನ ಹೇಳುವ ಅರ್ಥವೂ ಇದ್ದು” ಎಂದು ಗಂಭೀರವಾಗಿ ನನ್ನ ಮಾನ ಕಾಯಲು ಯತ್ನಿಸಿದರು.

ಮಾತು ಹಾರಿಸಲು ನಾಯಕನ ಕಚೇರಿಯ ಹೆಸರಿಗೆ ಹೋದೆ. ಅಲ್ಲಿ ಅವನು ಥಾಮಸ್ ಆಂಡರ್ಸನ್. ಏಸು ಮತ್ತೆ ಎದ್ದು ಬಂದದ್ದನ್ನು ಗಾಯ ಮುಟ್ಟಿ ನೋಡದೆ ನಂಬುವುದಿಲ್ಲವೆಂದ ಶಿಷ್ಯ ಥಾಮಸ್. ಆಂಡರ್ಸನ್ ಎಂಬುದರ ಗ್ರೀಕ್ ಬೇರನ್ನು ಹಿಡಿದು ಹೋದರೆ ‘ಮನುಷ್ಯಪುತ್ರ’ ಎಂಬಲ್ಲಿಗೆ ಮುಟ್ಟುತ್ತದೆ. ಆಯಿಗೆ ಇದರಲ್ಲಿ ಯಾವ ವಿಶೇಷವೂ ಕಾಣಲಿಲ್ಲ. “ನಿಂಗೂ ಜಾತಕದಲ್ಲಿ ಒಂದು, ಕರಿಯಲೆ ಒಂದು ಹೆಸರು ಇದ್ದಲೋ!” ಎಂದಳು. ಸೈಫರ್ ಎಂಬ ದ್ರೋಹಿಯ ಹೆಸರು ಅರಬ್ಬಿಯ ‘ಸಿಫ್ರ್’ನಿಂದ ಬಂದದ್ದು, ಸಿಫ್ರ್ ಎಂಬುದು ನಮ್ಮ ‘ಶೂನ್ಯ’ದ ಅನುವಾದ ಎಂದಾಗ ಮಾವನವರು ನೊಂದುಕೊಂಡರು. ನಾವು ಕೊಟ್ಟ ಸೊನ್ನೆ ಊರೂರು ಅಲೆದು ಕೊನೆಗೆ ಹಾಲಿವುಡ್ಡಿನಲ್ಲಿ ದ್ರೋಹಿಯಾಯಿತಲ್ಲ ಎಂಬ ದುಃಖ ಅವರದು. ಆದರೆ ಗ್ರೀಕರ ಸ್ವಪ್ನದೇವತೆಯ ಹೆಸರನ್ನೂ, ನೋವು ಮರೆಸುವ ಮಾರ್ಫಿನ್ನಿನ ಹೆಸರಿನ ಮೂಲವನ್ನೂ ಹೊತ್ತ ಮಾರ್ಫಿಯಸ್ ತೆರೆಯ ಮೇಲೆ ಬಂದು ನಾಲ್ಕು ಮಾತಾಡುವಷ್ಟರಲ್ಲಿ ಆ ದುಃಖವೂ ಕಳೆದು, ಅವರು ಗೊರಕೆ ಹೊಡೆಯುತ್ತಿದ್ದರು. ಇಟ್ಟ ಹೆಸರಿಗೆ ತಕ್ಕ ಕೆಲಸವನ್ನು ನಾನು ಕಣ್ಣಾರೆ ಕಂಡದ್ದು ಅದೊಂದೇ ಸಲ.

ಉಳಿದವನು ಭಾವ. ಅವನಿಗೆ ಹಿಡಿಸಿದ್ದು ಮಾರ್ಫಿಯಸ್ಸನ ಹಡಗು. ಅದರ ಹೆಸರು ಬ್ಯಾಬಿಲೋನಿನ ಅರಸನದು. ತನಗೆ ಬಿದ್ದ ಕನಸು ಯಾವುದು, ಅದರ ಅರ್ಥವೇನು ಎಂಬೆರಡನ್ನೂ ನೀವೇ ಹೇಳಬೇಕೆಂದು ಆಸ್ಥಾನದ ಪಂಡಿತರನ್ನು ಪೀಡಿಸಿದ ಮಹಾರಾಯ. ಕನ್ನಡ ಬೈಬಲ್ಲಿನಲ್ಲಿ ಅವನು ನೆಬೂಕದ್ನೆಚ್ಚರ. ಹೆಸರಿನ ಬಾಲದಲ್ಲಿ ‘ಎಚ್ಚರ’ ಇರುವುದನ್ನು ಪತ್ತೆಹಚ್ಚಿದವನು ನಾನು; ಮಲಗಿದವರನ್ನು ಎಬ್ಬಿಸುವ ಹಡಗಿಗೆ ಇದಕ್ಕಿಂತ ಒಳ್ಳೆಯ ಹೆಸರನ್ನು ಚಿತ್ರ ಮಾಡಿದವರೂ ಊಹಿಸಿರಲಾರರು. ಆ ಹಡಗಿನ ಫಲಕದಲ್ಲಿ ‘ಮಾರ್ಕ್ 3, ನಂಬರ್ 11’ ಎಂದು ಬರೆದಿದೆ. ಮಾರ್ಕನ ಸುವಾರ್ತೆಯ ಮೂರನೆಯ ಅಧ್ಯಾಯದ ಹನ್ನೊಂದನೆಯ ವಚನದಲ್ಲಿ ಅಶುದ್ಧಾತ್ಮಗಳು ಏಸುವಿನ ಮುಂದೆ ಬಿದ್ದು, ನೀನು ದೇವಕುಮಾರನೆಂದು ಕೂಗುತ್ತವೆ. ಅಷ್ಟಕ್ಕೇ ನಿಲ್ಲಿಸದೆ ನಾನು ಗೀತೆಯ ಮೂರನೆಯ ಅಧ್ಯಾಯದ ಹನ್ನೊಂದನೆಯ ಶ್ಲೋಕವನ್ನೂ ತೆಗೆದು ಓದಿದೆ: “ಪರಸ್ಪರಂ ಭಾವಯಂತಃ ಶ್ರೇಯಃ ಪರಮವಾಪ್ಸ್ಯಥ.” ದೇವತೆಗಳೂ ಮನುಷ್ಯರೂ ಒಬ್ಬರನ್ನೊಬ್ಬರು ಪೋಷಿಸಬೇಕೆಂಬ ಈ ಶ್ಲೋಕದಲ್ಲಿ ಭಾವನ ಕಿವಿಗೆ ಬಿದ್ದದ್ದು ಅವನ ಹೆಸರೊಂದೇ. ಭಾವಂದಿರು ಪರಸ್ಪರ ಸಹಕರಿಸಬೇಕೆಂದು ಭಗವಂತನೇ ಅಪ್ಪಣೆ ಕೊಡಿಸಿದ್ದಾನೆ ಎಂದು ಅವನು ಅರ್ಥ ಮಾಡಿ, ಅಂಗಳದಲ್ಲಿ ನೆನೆಯುತ್ತಿದ್ದ ತನ್ನ ಹಳೆಯ ಜೀಪಿಗೆ ಅಲ್ಲೇ ನೆಬೂಕದ್ನೆಚ್ಚರನೆಂದು ನಾಮಕರಣ ಮಾಡಿದ.

ಅದರ ನಂಬರಿಗೂ ಅರ್ಥ ಬೇಕೆಂದ. ಕೆಎ 31 ಎಂದರೆ ಶಿರಸಿ. ಅದು ಇಡೀ ಜಿಲ್ಲೆಗೆ ಗೊತ್ತು. ಶಿರಸಿ ಎಂದರೆ ಸಂಸ್ಕೃತದಲ್ಲಿ ‘ತಲೆಯಲ್ಲಿ’. ಅರಸಿಕರಿಗೆ ಕವಿತೆ ಓದುವ ದುರ್ವಿಧಿಯನ್ನು “ಶಿರಸಿ ಮಾ ಲಿಖ” ಎಂದು ಬ್ರಹ್ಮನಲ್ಲಿ ಮೊರೆಯಿಟ್ಟ ಕವಿಯ ಸಂಕಟ ಆ ಸಂಜೆ ನನಗೆ ಚೆನ್ನಾಗಿ ಅರ್ಥವಾಗಿತ್ತು. ಕೊನೆಯ ನಾಲ್ಕು ಅಂಕಿಗಳು 1808. ಗೀತೆಯ ಹದಿನೆಂಟನೆಯ ಅಧ್ಯಾಯದ ಎಂಟನೆಯ ಶ್ಲೋಕವನ್ನು ತೆಗೆದೆ. ದೇಹಕ್ಕೆ ಆಯಾಸವಾದೀತೆಂದು ಹೆದರಿ ಕರ್ಮವನ್ನು ಬಿಟ್ಟವನಿಗೆ ತ್ಯಾಗದ ಫಲ ಸಿಗುವುದಿಲ್ಲ ಎಂದು ಅದರ ತಾತ್ಪರ್ಯ. ಎಂತಹ ಉನ್ನತ ನಂಬರು ಎಂದು ಹೊಗಳಿದೆ. ಹೊಗಳಬಾರದಿತ್ತು.

ಈ ಚೌತಿಗೆ ಮತ್ತೆ ಬಂದ ಅಳಿಯನನ್ನು ಕರೆತರಲು ನಾವಿಬ್ಬರೂ ಆ ಜೀಪಿನಲ್ಲಿ ಕುಮಟಾ ರೈಲು ನಿಲ್ದಾಣಕ್ಕೆ ಹೊರಟೆವು. ದೇವಿಮನೆ ಘಟ್ಟದ ಇಳಿಜಾರು ಇನ್ನು ನೂರು ಮಾರು ಇದೆ ಎನ್ನುವಾಗ, ಸುರಿಯುವ ಮಳೆಯಲ್ಲಿ, ನೆಬೂಕದ್ನೆಚ್ಚರ ನಿದ್ರೆಗೆ ಜಾರಿದ. ಬ್ಯಾಟರಿ ಬದಲಿಸಲು ಗ್ಯಾರೇಜಿನಲ್ಲಿ ಹೇಳಿ ಮೂರು ತಿಂಗಳಾಗಿತ್ತಂತೆ. ನಾನು ಕೊಡೆ ಹುಡುಕುತ್ತಿದ್ದಾಗ ಭಾವ ಸ್ಟಿಯರಿಂಗ್ ಬಿಡದೆ, “ಭಾವಾ, ಹದಿನೆಂಟು ಎಂಟು ಹೇಳಿದ್ದು ನೀನೇಯಾ. ತ್ಯಾಗದ ಫಲ ಬೇಕಾದ್ರೆ ಇಳಿದು ದೂಡು” ಎಂದ. ನೂರು ಮಾರು ದೂಡಿದೆ. ಇಳಿಜಾರು ಸಿಕ್ಕಿ, ಗೇರು ಬಿದ್ದು, ಇಂಜಿನ್ ಎಚ್ಚೆತ್ತಿತು. ನಿಲ್ಲಿಸಿದರೆ ಮತ್ತೆ ಮಲಗೀತೆಂಬ ಭಯಕ್ಕೆ ಅವನು ನಿಲ್ಲಿಸಲಿಲ್ಲ. ಎರಡು ತಿರುವು ನಾನು ಉಂಬಳಗಳ ಸಮೇತ ಹಿಂದೆ ಓಡಿದೆ.

ಕುಮಟಾದಲ್ಲಿ ರೈಲು ಸಮಯಕ್ಕೇ ಬಂದಿತ್ತು. ಎರಡು ಗಂಟೆ ಬೆಂಚಿನ ಮೇಲೆ ಕುಳಿತಿದ್ದ ಅಳಿಯ ನನ್ನನ್ನು ಕಂಡು, 2003ರಲ್ಲಿ ಬಂದ ಮೂರನೆಯ ಭಾಗದ ಹೆಸರುಗಳಿಗೆ ಕೈಹಾಕಿದ. ಅದರಲ್ಲಿ ನಿಯೋ ಸಿಕ್ಕಿಬೀಳುವ ರೈಲು ನಿಲ್ದಾಣದ ಹೆಸರು ‘ಮೋಬಿಲ್’. ಅಕ್ಷರ ತಿರುಗಿಸಿದರೆ ‘ಲಿಂಬೊ’, ಅಂದರೆ ತ್ರಿಶಂಕುವಿನ ಜಾಗ. “ಮಾವಾ, ಅದು ಕುಮಟಾವೇ” ಎಂದ. ಅಲ್ಲಿ ನಿಯೋಗೆ ಭೇಟಿಯಾಗುವ ಭಾರತೀಯ ಕುಟುಂಬದಲ್ಲಿ ಹೆಂಡತಿ ಕಮಲಾ, ಮಗಳು ಸತಿ. ತಂದೆಯ ಹೆಸರು, ರಾಮಚಂದ್ರನ ಬಾಲ ಸಮುದ್ರ ದಾಟುವಾಗ ಮುರಿದು, ರಾಮಕಂದ್ರ. ದಕ್ಷಯಜ್ಞದ ಬೆಂಕಿಗೆ ಹಾರಿದವಳ ಹೆಸರನ್ನು ಮಗಳಿಗೆ ಇಟ್ಟವರನ್ನು ಕಂಡರೆ ಆಯಿ ಏನೆನ್ನುವಳೋ ಎಂದು ನಾನು ಯೋಚಿಸುತ್ತಿರುವಾಗ ನಿಲ್ದಾಣದ ಅಂಗಳದಿಂದ ಸ್ವಿಚ್ಚಿನ ಕಟಕಟ ಸದ್ದು ನಾಲ್ಕು ಸಲ ಕೇಳಿಸಿತು. ಇಂಜಿನ್ನಿನ ಸದ್ದು ಮಾತ್ರ ಕೇಳಿಸಲಿಲ್ಲ. ಭಾವ ಕಿಟಕಿಯಿಂದ ತಲೆ ಹೊರಹಾಕಿ, ಸ್ವರಬದ್ಧವಾಗಿ, “ಪರಸ್ಪರಂ ಭಾವಯಂತಃ” ಎಂದ. ನಾನು ಪಂಚೆಯನ್ನು ಮೇಲೆ ಕಟ್ಟಿದೆ.